ಪಿಕಾಸೊ ಟ್ರಿಗರ್ ಜೊತೆಗೆ ಯಾವ ಮೀನು ಬಾಳುತ್ತದೆ?

ವಿಜಯಪುರದ ಓದುಗರೊಬ್ಬರು ಕೇಳಿದ್ದಾರೆ: "ನಮ್ಮ ಮನೆಯಲ್ಲಿ 4 ಅಡಿ ಉದ್ದ, ಒಂದೂವರೆ ಅಡಿ ಅಗಲ, 2 ಅಡಿ ಎತ್ತರದ ಉಪ್ಪುನೀರಿನ ಟ್ಯಾಂಕ್ ಇದೆ. ಅದರಲ್ಲಿ ಒಂದೇ ಒಂದು ಪಿಕಾಸೊ ಟ್ರಿಗರ್ ಮೀನು ಇದೆ. ತಂದು ಒಂದು ವರ್ಷವಾಯಿತು, ಈಗ 5 ಇಂಚು. ನನ್ನ ಕೈಯಿಂದಲೇ ತಿನ್ನುತ್ತದೆ, ಮಕ್ಕಳಿಗೆ ಅದರ ಮೇಲೆ ಜೀವ. ಆದರೆ ಜೊತೆಗೆ ಬಿಟ್ಟ ಎರಡು ಸಣ್ಣ ಕ್ಲೌನ್ ಮೀನು ಒಂದೇ ವಾರದಲ್ಲಿ ಸತ್ತವು. ಆಮೇಲೆ ತಂದ ಬಟರ್‌ಫ್ಲೈ ಮೀನಿನ ಬಾಲವನ್ನೇ ಕಿತ್ತು ಹಾಕಿತು. ಲಯನ್ ಮೀನು ಬಿಡಿ, ಅದನ್ನು ಯಾರೂ ಮುಟ್ಟಲ್ಲ ಅಂತ ಅಂಗಡಿಯವರು ಹೇಳುತ್ತಾರೆ. ಇನ್ನೊಬ್ಬರು ಇದಕ್ಕೊಂದು ಜೋಡಿ ತನ್ನಿ, ಸುಮ್ಮನಾಗುತ್ತದೆ ಅಂದರು. ಏನು ಮಾಡಲಿ? ಹಾಗೆಯೇ, ನಮ್ಮ ಬೋರ್ ನೀರು ಮೊದಲೇ ಸವಳು. ಅದನ್ನೇ ಬಳಸಿದರೆ ಉಪ್ಪಿನ ಖರ್ಚು ಉಳಿಯುತ್ತದೆ ಅಲ್ವಾ?"

ಮೊದಲು ನೇರ ಉತ್ತರ ಹೇಳಿಬಿಡುತ್ತೇನೆ. ಲಯನ್ ಬೇಡ. ಜೋಡಿ ಬೇಡ. ಬೋರ್ ನೀರಂತೂ ಬೇಡವೇ ಬೇಡ. ನಿಮ್ಮ ಈಗಿನ ಟ್ಯಾಂಕಿಗೆ ಹೊಂದುವುದು ಎರಡೇ ಮೀನು: ಹಾವಿನಂಥ ಮೈಯ ಒಂದು ಸ್ನೋಫ್ಲೇಕ್ ಈಲ್, ಮತ್ತು ಚೆನ್ನಾಗಿ ಬೆಳೆದ ಒಂದು ಮರೂನ್ ಕ್ಲೌನ್. ಅವನ್ನೂ ಅಂಗಡಿಯಿಂದ ತಂದು ನೇರವಾಗಿ ಸುರಿದರೆ ಹಳೆಯ ಕತೆಯೇ ಮತ್ತೆ ಆಗುತ್ತದೆ. ಟ್ರಿಗರನ್ನು ಕೆಲವು ದಿನ ಹೊರಗಿಟ್ಟು, ಹೊಸಬರಿಗೆ ಟ್ಯಾಂಕ್ ಬಿಟ್ಟುಕೊಟ್ಟು, ಕೊನೆಗೆ ಟ್ರಿಗರನ್ನು ಹೊಸದಾಗಿ ಬಂದವನ ಹಾಗೆ ಒಳಗೆ ಬಿಡಬೇಕು. ನಾನು ಬೆಳಗಾವಿಯಲ್ಲಿ ಇಷ್ಟು ವರ್ಷ ಉಪ್ಪುನೀರಿನ ಮೀನು ಸಾಕಿ ಕಲಿತದ್ದು ಮುಖ್ಯವಾಗಿ ಇದೇ: ಯಾವ ಮೀನು ಅನ್ನುವಷ್ಟೇ ಮುಖ್ಯ ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದು.

ಯಾಕೆ ಹೀಗೆ ಅಂತ ತಿಳಿಯಬೇಕಾದರೆ ಈ ಮೀನು ಸಮುದ್ರದಲ್ಲಿ ಹೇಗೆ ಬದುಕುತ್ತದೆ ಅಂತ ನೋಡಬೇಕು. ಪಿಕಾಸೊ ಟ್ರಿಗರ್ ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್‌ನ ಹವಳದ ದಿಬ್ಬಗಳ ಮೀನು. ನಮ್ಮ ಲಕ್ಷದ್ವೀಪದಲ್ಲಿ ಹವಳದ ದಿಬ್ಬದ ಒಳಗಿನ ಶಾಂತ ನೀರಿನಲ್ಲೂ (ಲಗೂನ್) ಇದೆ. ಮರಳು, ಹವಳದ ಚೂರು, ಅಲ್ಲಲ್ಲಿ ಕಲ್ಲು ಇರುವ ಆಳವಿಲ್ಲದ ನೀರಿನಲ್ಲಿ ಒಂದೊಂದು ಮೀನು ಒಂದೊಂದು ಜಾಗ ಹಿಡಿದುಕೊಂಡಿರುತ್ತದೆ. ಏಡಿ, ಶಂಖದ ಹುಳು, ಮುಳ್ಳುಚೆಂಡಿನಂಥ ಸೀ ಅರ್ಚಿನ್, ಏನು ಸಿಕ್ಕರೂ ಒಡೆದು ತಿನ್ನುತ್ತದೆ. ಹೆದರಿಕೆಯಾದರೆ ಕಲ್ಲಿನ ಸಂದಿಗೆ ನುಗ್ಗಿ ಬೆನ್ನಿನ ಮುಳ್ಳನ್ನು ಎತ್ತಿ ನಿಲ್ಲಿಸುತ್ತದೆ. ಮೊದಲ ಮುಳ್ಳು ನಿಂತ ಮೇಲೆ ಅದರ ಹಿಂದಿನ ಸಣ್ಣ ಮುಳ್ಳು ಬಂದು ಚಿಲಕದ ಹಾಗೆ ಬಿಗಿಯುತ್ತದೆ. ಆ ಸಣ್ಣ ಮುಳ್ಳು ಕೆಳಗಿಳಿಯುವ ತನಕ ದೊಡ್ಡದನ್ನು ಎಷ್ಟು ಒತ್ತಿದರೂ ಬಗ್ಗುವುದಿಲ್ಲ. ಟ್ರಿಗರ್ ಅನ್ನುವ ಹೆಸರು ಬಂದದ್ದು ಇದರಿಂದಲೇ. ಮಲ್ಪೆ, ಮಂಗಳೂರು ಕಡೆ ಬೋಟಿನವರು ಕಾರ್ಗಿಲ್ ಮೀನು ಅಂತ ಕರೆಯುವುದೂ ಇದೇ ಕುಟುಂಬದ ಒಂದು ಮೀನನ್ನೇ. ಮಾರ್ಕೆಟ್ಟಿನಲ್ಲಿ ಸಿಕ್ಕರೆ ಅದರ ಬೆನ್ನಿನ ಮುಳ್ಳನ್ನು ಎತ್ತಿ ನೋಡಿ, ಚಿಲಕ ಕೂರುವುದು ಬೆರಳಿಗೇ ಗೊತ್ತಾಗುತ್ತದೆ.

ಈಗ ನಿಮ್ಮ ಟ್ಯಾಂಕಿಗೆ ಬನ್ನಿ. ಒಂದು ವರ್ಷದಿಂದ ಆ 4 ಅಡಿಯಲ್ಲಿ ಅದು ಒಂದೇ ಇದೆ. ಅದರ ಲೆಕ್ಕದಲ್ಲಿ ಪೂರ್ತಿ ಟ್ಯಾಂಕ್ ಅದರ ಹೊಲ. ಯಾವ ಪೊಟರೆಯಲ್ಲಿ ಮಲಗುವುದು, ಯಾವ ಮೂಲೆಯಲ್ಲಿ ಊಟ ಬೀಳುತ್ತದೆ, ಎಲ್ಲ ಬಾಯಿಪಾಠ. ಅಂಥ ಜಾಗಕ್ಕೆ ನೀವು ಎರಡು ಇಂಚಿನ ಕ್ಲೌನ್ ಬಿಟ್ಟಿರಿ. ಪಾಪ, ಅದಕ್ಕೆ ಅಡಗಲು ಜಾಗವೂ ಗೊತ್ತಿಲ್ಲ. ಟ್ರಿಗರಿನ ಬಾಯಿ ಚಿಕ್ಕದು, ಇಡೀ ಮೀನನ್ನು ನುಂಗುವುದಿಲ್ಲ. ಆದರೆ ಹಲ್ಲು ಚಿಪ್ಪು ಒಡೆಯುವಂಥದ್ದು. ಒಂದೊಂದು ಕಡಿತಕ್ಕೆ ಒಂದೊಂದು ತುಂಡು ಬರುತ್ತದೆ, ಮೊದಲು ರೆಕ್ಕೆ, ಆಮೇಲೆ ಬಾಲ, ಆಮೇಲೆ ಕಣ್ಣು.

ಈ ತಪ್ಪನ್ನು ನಾನೂ ಮಾಡಿದ್ದೇನೆ. ಎರಡು ವರ್ಷದಿಂದ ಒಂಟಿಯಾಗಿದ್ದ ಪಿಕಾಸೊ ಜೊತೆಗೆ ಒಂದು ಭಾನುವಾರ ಮಧ್ಯಾಹ್ನ ಫಾಕ್ಸ್‌ಫೇಸ್ ಅನ್ನುವ ಹಳದಿ ಮೈಯ ಒಳ್ಳೆಯ ಮೀನೊಂದನ್ನು ಬಿಟ್ಟೆ. ಮೀನಿನ ಆಯ್ಕೆ ಸರಿಯಾಗಿಯೇ ಇತ್ತು, ಅಳತೆಯಲ್ಲಿ ಟ್ರಿಗರಿಗಿಂತ ಒಂದು ಇಂಚು ದೊಡ್ಡದೇ ಇತ್ತು. ಸಂಜೆಯ ತನಕ ಇಬ್ಬರೂ ದೂರ ದೂರ ಓಡಾಡಿಕೊಂಡಿದ್ದರು, ನನಗೆ ಸಮಾಧಾನವಾಯಿತು. ಬೆಳಿಗ್ಗೆ ಎದ್ದು ಲೈಟ್ ಹಾಕಿದರೆ ಫಾಕ್ಸ್‌ಫೇಸ್ ಪೈಪಿನ ಹಿಂದೆ ಸಿಕ್ಕಿಕೊಂಡು ನಿಂತಿತ್ತು. ಹಳದಿ ಮೈ ಪೂರ್ತಿ ಕಂದು ಮಚ್ಚೆ ಮಚ್ಚೆ, ಬಾಲದ ಅಂಚು ಹರಿದ ಬಟ್ಟೆಯ ಹಾಗೆ, ಒಂದು ಕಣ್ಣು ಇಲ್ಲ. ಎರಡು ದಿನ ಬೇರೆ ನೀರಿನಲ್ಲಿಟ್ಟು ನೋಡಿಕೊಂಡೆ, ಉಳಿಯಲಿಲ್ಲ. ಅದೇ ಟ್ರಿಗರ್ ಜೊತೆ ಆಮೇಲೆ ಇನ್ನೊಂದು ಫಾಕ್ಸ್‌ಫೇಸ್ ಐದು ವರ್ಷ ಬಾಳಿತು. ಬದಲಾಗಿದ್ದು ಬಿಟ್ಟ ಕ್ರಮ ಮಾತ್ರ.

ಲಯನ್ ಯಾಕೆ ಬೇಡ ಅಂತ ಹೇಳುತ್ತೇನೆ. ಅದಕ್ಕೆ ವಿಷದ ಮುಳ್ಳು ಇದೆ, ನಿಜ. ಆದರೆ ಅದು ನಿಧಾನವಾಗಿ ತೇಲುವ ಮೀನು. ಉದ್ದುದ್ದ ರೆಕ್ಕೆಗಳು ನೀರಿನಲ್ಲಿ ಪರದೆಯ ಹಾಗೆ ಹರಡಿರುತ್ತವೆ. ಟ್ರಿಗರಿಗೆ ಇದು ಕಂಡರೆ ಕಚ್ಚದೆ ಇರಲು ಆಗುವುದಿಲ್ಲ. ಅದು ಮುಳ್ಳಿನ ಹತ್ತಿರ ಹೋಗುವುದೇ ಇಲ್ಲ, ರೆಕ್ಕೆಯ ತುದಿಯ ಮೆತ್ತಗಿನ ಜಾಗವನ್ನೇ ಹಿಡಿದು ಎಳೆಯುತ್ತದೆ. ಲಯನ್ ತಿರುಗಿ ಜಗಳಕ್ಕೆ ನಿಲ್ಲುವ ಜಾತಿಯಲ್ಲ. ಊಟ ಬಿದ್ದಾಗಲೂ ಅಷ್ಟೆ, ಲಯನ್ ಒಂದು ತುಂಡಿಗೆ ಗುರಿ ಇಡುವಷ್ಟರಲ್ಲಿ ಟ್ರಿಗರ್ ನಾಲ್ಕು ತಿಂದಿರುತ್ತದೆ. ಇನ್ನೊಂದು ಮಾತು. ಮನೆಯಲ್ಲಿ ಮಕ್ಕಳಿದ್ದಾರೆ, ಟ್ಯಾಂಕಿಗೆ ಕೈ ಹಾಕುವ ಅಭ್ಯಾಸ ಇದೆ ಅಂತ ನೀವೇ ಬರೆದಿದ್ದೀರಿ. ಆ ಟ್ಯಾಂಕಿಗೆ ಲಯನ್ ತರಬೇಡಿ.

ಜೋಡಿಯ ವಿಚಾರ. ಪಿಕಾಸೊದಲ್ಲಿ ಗಂಡು ಯಾವುದು ಹೆಣ್ಣು ಯಾವುದು ಅಂತ ಅಂಗಡಿಯಲ್ಲಿ ನೋಡಿ ಹೇಳಲು ಆಗುವುದಿಲ್ಲ. ಗಂಡು ಹೆಣ್ಣೇ ಆದರೂ 4 ಅಡಿಯಲ್ಲಿ ಬಾಳುವುದಿಲ್ಲ, ಸಮುದ್ರದಲ್ಲಿ ಅವುಗಳ ಗಡಿ ಇದಕ್ಕಿಂತ ಎಷ್ಟೋ ದೊಡ್ಡದು. ತನ್ನದೇ ಆಕಾರ, ತನ್ನದೇ ಬಣ್ಣದ ಇನ್ನೊಂದು ಮೀನು ಅಂದರೆ ಟ್ರಿಗರಿಗೆ ಅತಿ ದೊಡ್ಡ ವೈರಿ. ಬೇರೆ ಜಾತಿಯ ಟ್ರಿಗರೂ ಬೇಡ. ಅದರಲ್ಲೂ ಕಿತ್ತಳೆ ಗೆರೆಯ ಅಂಡ್ಯುಲೇಟೆಡ್ ಟ್ರಿಗರ್ ಎಷ್ಟೇ ಕಡಿಮೆ ಬೆಲೆಗೆ ಸಿಕ್ಕರೂ ತರಬೇಡಿ, ಅದರ ಮುಂದೆ ನಿಮ್ಮ ಪಿಕಾಸೊ ಸಾಧು. ಕ್ಲೌನ್ ಟ್ರಿಗರ್ ಚಿಕ್ಕದಿದ್ದಾಗ ಬಹಳ ಚೆಂದ, ಆದರೆ ಅದು ಅರ್ಧ ಮೀಟರ್ ತನಕ ಬೆಳೆಯುವ ಮೀನು, ಬೆಳೆದ ಹಾಗೆ ಯಾರನ್ನೂ ಬಿಡುವುದಿಲ್ಲ.

ಹಾಗಾದರೆ ಆರಿಸುವುದು ಹೇಗೆ? ನಾನು ನಾಲ್ಕು ವಿಷಯ ನೋಡುತ್ತೇನೆ. ಆಕಾರ ಟ್ರಿಗರಿನ ಹಾಗೆ ಇರಬಾರದು. ಇರುವ ಜಾಗ ಬೇರೆ ಆಗಿರಬೇಕು, ಒಬ್ಬ ಮಧ್ಯದ ನೀರಿನಲ್ಲಿ ಓಡಾಡಿದರೆ ಇನ್ನೊಬ್ಬ ಕಲ್ಲಿನ ಒಳಗೆ ಇರಬೇಕು. ಊಟ ಬೇರೆ ಆದರೆ ಇನ್ನೂ ಒಳ್ಳೆಯದು. ನಾಲ್ಕನೆಯದು ನನಗೆ ಎಲ್ಲಕ್ಕಿಂತ ಜಾಸ್ತಿ ಅನ್ನಿಸುವುದು: ಕಚ್ಚಿದರೆ ತಿರುಗಿ ನಿಲ್ಲುವ ಧೈರ್ಯ, ಇಲ್ಲವಾದರೆ ತಪ್ಪಿಸಿಕೊಳ್ಳುವ ಚುರುಕು, ಎರಡರಲ್ಲಿ ಒಂದಾದರೂ ಬೇಕು.

ಸ್ನೋಫ್ಲೇಕ್ ಈಲ್‌ಗೆ ಈ ನಾಲ್ಕರಲ್ಲಿ ಮೂರು ಇವೆ. ಬಿಳಿ ಮೈಮೇಲೆ ಕಪ್ಪು ಹೂವಿನಂಥ ಮಚ್ಚೆ, ಅದರೊಳಗೆ ಹಳದಿ ಚುಕ್ಕೆ. ಹಗಲೆಲ್ಲ ಕಲ್ಲಿನ ಸಂದಿಯಿಂದ ತಲೆ ಮಾತ್ರ ಹೊರಗೆ ಹಾಕಿಕೊಂಡು ಕೂರುತ್ತದೆ. ಹಲ್ಲು ಮೊಂಡು, ಏಡಿ ಸಿಗಡಿ ತಿನ್ನುವ ಜಾತಿ, ದೊಡ್ಡ ಮೀನಿನ ಗೊಡವೆಗೆ ಹೋಗುವುದಿಲ್ಲ. ಟ್ರಿಗರಿಗೆ ಇದನ್ನು ನೋಡಿದರೆ ಮೀನು ಅಂತಲೇ ಅನ್ನಿಸುವುದಿಲ್ಲವೇನೋ, ನನ್ನ ಟ್ಯಾಂಕಿನಲ್ಲಿ ಮೊದಲ ದಿನ ಸ್ವಲ್ಪ ಹೊತ್ತು ಎದುರು ನಿಂತು ನೋಡಿತು, ಆಮೇಲೆ ಮರೆತೇಬಿಟ್ಟಿತು. ಒಂದು ಅಡಿ ಉದ್ದದ್ದು ತನ್ನಿ, ಎರಡು ಅಡಿ ದಾಟಿ ಬೆಳೆಯುತ್ತದೆ ಅಂತ ಲೆಕ್ಕ ಇಟ್ಟುಕೊಳ್ಳಿ. ಎರಡು ಇಂಚಿನ ಪಿವಿಸಿ ಪೈಪ್ ತುಂಡನ್ನು ಕಲ್ಲಿನ ಕೆಳಗೆ ಹುದುಗಿಸಿಡಿ, ಅದೇ ಅದರ ಮನೆ. ಮುಚ್ಚಳ ಮಾತ್ರ ಬಿಗಿಯಾಗಿರಬೇಕು. ಪೈಪ್ ಹೋಗುವ ಸಣ್ಣ ಸಂದಿ ಸಿಕ್ಕರೂ ರಾತ್ರಿ ಹೊರಗೆ ಬಂದು ನೆಲದ ಮೇಲೆ ಒಣಗಿ ಹೋಗುತ್ತದೆ. ಇದರ ಕಣ್ಣು ಮಂದ, ವಾಸನೆಯಿಂದ ಊಟ ಹುಡುಕುತ್ತದೆ. ಹಾಗಾಗಿ ಮೊದಲು ಟ್ರಿಗರಿಗೆ ಒಂದು ತುದಿಯಲ್ಲಿ ಊಟ ಹಾಕಿ, ಅದು ಅಲ್ಲಿ ತೊಡಗಿರುವಾಗ ಇನ್ನೊಂದು ತುದಿಯಲ್ಲಿ ಉದ್ದನೆಯ ಚಿಮಟದಿಂದ ಈಲ್‌ನ ಮೂಗಿನ ಹತ್ತಿರ ಸಿಗಡಿ ತುಂಡು ಹಿಡಿಯಬೇಕು.

ಮರೂನ್ ಕ್ಲೌನ್ ಅಂದರೆ ನೀವು ತಂದಿದ್ದ ಕಿತ್ತಳೆ ಕ್ಲೌನಿನ ಅಕ್ಕ. ಗಾಢ ಕೆಂಪು ಮೈ, ಕೆನ್ನೆಯ ಮೇಲೆ ಮುಳ್ಳು, ಕ್ಲೌನ್‌ಗಳಲ್ಲಿ ಅತಿ ಗಟ್ಟಿ ಸ್ವಭಾವದ್ದು. ಹೆಣ್ಣು 6 ಇಂಚಿನ ತನಕ ಬೆಳೆಯುತ್ತದೆ. ಕನಿಷ್ಠ 4 ಇಂಚಿನ ಒಂದೇ ಒಂದು ಹೆಣ್ಣು ಹುಡುಕಿ, ಚಿಕ್ಕದು ತಂದು ಬೆಳೆಸೋಣ ಅನ್ನುವ ಯೋಚನೆ ಬೇಡ. ನಮ್ಮ ದೇಶದಲ್ಲೇ ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಮರೂನ್ ಸೇರಿ ಹಲವು ಕ್ಲೌನ್ ಜಾತಿಗಳನ್ನು ಮರಿ ಮಾಡಿಸುವ ವಿಧಾನ ತಯಾರು ಮಾಡಿದ್ದಾರೆ, ಹಾಗಾಗಿ ಟ್ಯಾಂಕಿನಲ್ಲೇ ಹುಟ್ಟಿ ಬೆಳೆದ ಮೀನು ಸಿಗುತ್ತದಾ ಅಂತ ಅಂಗಡಿಯಲ್ಲಿ ಕೇಳಿ. ಸಮುದ್ರದಿಂದ ಹಿಡಿದು ತಂದದ್ದಕ್ಕಿಂತ ಅದು ಊಟಕ್ಕೂ ಬೇಗ ಹೊಂದುತ್ತದೆ, ರೋಗವೂ ಕಡಿಮೆ. ಮರೂನ್ ಸಿಗದಿದ್ದರೆ ಡಾಮಿನೊ ಆಗಬಹುದು, ಕಪ್ಪು ಮೈಮೇಲೆ ಮೂರು ಬಿಳಿ ಚುಕ್ಕೆ ಇರುವುದು, ಅದೂ ದೊಡ್ಡದೇ ಬೇಕು. ಎರಡನ್ನೂ ಒಟ್ಟಿಗೆ ತರಬೇಡಿ. ಎರಡೂ ಒಂದೇ ಕುಟುಂಬದವು, ಟ್ರಿಗರನ್ನು ಬಿಟ್ಟು ತಮ್ಮತಮ್ಮಲ್ಲೇ ಹೊಡೆದಾಡುತ್ತವೆ.

ನನಗೆ ಟ್ರಿಗರ್ ಜೊತೆ ಅತಿ ಇಷ್ಟವಾದ ಮೀನು ಫಾಕ್ಸ್‌ಫೇಸ್. ಪಾಚಿ ತಿಂದುಕೊಂಡು ತನ್ನ ಪಾಡಿಗೆ ಇರುತ್ತದೆ, ಊಟಕ್ಕೆ ಪೈಪೋಟಿ ಇಲ್ಲ, ಬೆನ್ನಿನ ಮುಳ್ಳಿನಲ್ಲಿ ವಿಷ ಇರುವುದರಿಂದ ತನ್ನನ್ನು ಕಾಪಾಡಿಕೊಳ್ಳುತ್ತದೆ, ಲಯನ್ ಹಾಗೆ ತೇಲಾಡದೆ ಚುರುಕಾಗಿ ಈಜುತ್ತದೆ. ಆದರೆ 8 ಇಂಚು ದಾಟುವ ಮೀನು. ಒಂದು ವರ್ಷದೊಳಗೆ 6 ಅಡಿ ಟ್ಯಾಂಕ್ ಮಾಡುವ ಖಾತ್ರಿ ಇದ್ದರೆ ಮಾತ್ರ ಯೋಚಿಸಿ. ಅದನ್ನು ತಂದ ಮೇಲೆ ಟ್ಯಾಂಕಿಗೆ ಬರಿಗೈ ಹಾಕುವುದು ಯಾರಿಗೂ ಬೇಡ. ಮುಳ್ಳು ಚುಚ್ಚಿದರೆ ತಡೆದುಕೊಳ್ಳುವಷ್ಟು ಬಿಸಿ ಇರುವ ನೀರಿನಲ್ಲಿ, ಅಂದರೆ 45 ಡಿಗ್ರಿ ಮೀರದ ನೀರಿನಲ್ಲಿ, ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಆ ಜಾಗವನ್ನು ಮುಳುಗಿಸಿಡಬೇಕು, ತಡ ಮಾಡದೆ ಡಾಕ್ಟರ್ ಹತ್ತಿರ ಹೋಗಬೇಕು.

6 ಅಡಿ ಅಂತ ಸುಮ್ನೆ ಹೇಳುತ್ತಿಲ್ಲ. ನಿಮ್ಮ ಟ್ಯಾಂಕಿನ ಅಳತೆಗೆ ಹೊರಗಿನ ಲೆಕ್ಕ ಸುಮಾರು 340 ಲೀಟರ್, ಕಲ್ಲು ಮರಳು ಕಳೆದರೆ 280 ಉಳಿಯಬಹುದು. ಪಿಕಾಸೊ ಸಮುದ್ರದಲ್ಲಿ ಒಂದು ಅಡಿಯ ತನಕ ಬೆಳೆಯುತ್ತದೆ, ಟ್ಯಾಂಕಿನಲ್ಲಿ 8, 9 ಇಂಚು ಅಂತ ಇಟ್ಟುಕೊಳ್ಳಿ. ಒಂದೂವರೆ ಅಡಿ ಅಗಲದಲ್ಲಿ ಅದಕ್ಕೆ ತಿರುಗಲೂ ಕಷ್ಟ. 6 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರ ಮಾಡಿಸಿದರೆ 680 ಲೀಟರ್ ಆಗುತ್ತದೆ, ಈಗಿನದರ ಎರಡರಷ್ಟು. ಆಗ ಫಾಕ್ಸ್‌ಫೇಸ್ ಜೊತೆಗೆ ಒಂದು ಮೂನ್ ರಾಸ್ ಸೇರಿಸಬಹುದು, ಹಸಿರು ನೀಲಿ ಮೈಯ ಓಟಗಾರ ಅದು, ಟ್ರಿಗರ್ ಕೈಗೆ ಸಿಗುವುದೇ ಇಲ್ಲ. ಸೇಲ್‌ಫಿನ್ ಟ್ಯಾಂಗ್, ಎಂಪರರ್ ಏಂಜೆಲ್ ಇವೆಲ್ಲ ಇನ್ನೂ ದೊಡ್ಡ ಟ್ಯಾಂಕಿನ ಮೀನು, ಅಂಗಡಿಯಲ್ಲಿ 3 ಇಂಚಿನ ಮರಿ ನೋಡಿ ಮನಸ್ಸು ಸೋಲಬೇಡಿ.

ತರಲೇಬಾರದ ಕೆಲವನ್ನೂ ಹೇಳಿಬಿಡುತ್ತೇನೆ. ಬಟರ್‌ಫ್ಲೈ ನೀವೇ ನೋಡಿದ್ದೀರಿ. ಬ್ಯಾಟ್ ಮೀನಿನ ಉದ್ದ ರೆಕ್ಕೆಗೆ ಲಯನ್‌ನ ಗತಿಯೇ. ಪೆಟ್ಟಿಗೆಯಂಥ ಮೈಯ ಬಾಕ್ಸ್ ಮೀನು, ಕೊಂಬಿನ ಕೌ ಮೀನು ಕಿರುಕುಳ ತಡೆಯಲಾರದೆ ಮೈಯಿಂದ ವಿಷ ಬಿಡುತ್ತವೆ, ತಾವೂ ಸತ್ತು ಇಡೀ ಟ್ಯಾಂಕನ್ನೂ ಕೊಲ್ಲುತ್ತವೆ. ಸಿಗಡಿ, ಏಡಿ, ಶಂಖದ ಹುಳುಗಳೆಲ್ಲ ಟ್ರಿಗರಿಗೆ ಊಟ. ಸಮುದ್ರಕುದುರೆ ಮತ್ತು ಜೀವಂತ ಹವಳ ನಮ್ಮ ದೇಶದ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಯಲ್ಲಿವೆ, ಯಾರೇ ಕೊಟ್ಟರೂ ತೆಗೆದುಕೊಳ್ಳಬೇಡಿ. ಸಮುದ್ರದಿಂದ ಕಿತ್ತು ತಂದ ಹವಳದ ಕಲ್ಲನ್ನೂ ಕೊಳ್ಳಬೇಡಿ. ಟ್ಯಾಂಕಿಗೆಂದೇ ತಯಾರಿಸಿದ ಒಣ ಕಲ್ಲು ತಂದು ಆರು ವಾರ ನೀರು ಪಕ್ವ ಮಾಡಿದರೆ, ಅಂದರೆ ಗಲೀಜು ಕರಗಿಸುವ ಬ್ಯಾಕ್ಟೀರಿಯಾ ಬೆಳೆಯಲು ಬಿಟ್ಟರೆ, ಅದೇ ಕೆಲಸ ನಡೆಯುತ್ತದೆ.

ಈಗ ಬಿಡುವ ಕ್ರಮ. ಇದಕ್ಕೆ ಎರಡೂವರೆ ಅಡಿಯ ಒಂದು ಹಳೆಯ ಟ್ಯಾಂಕ್ ಅಥವಾ 100 ಲೀಟರಿನ ಪ್ಲಾಸ್ಟಿಕ್ ಟಬ್ ಬೇಕು. ಒಂದು ಸ್ಪಂಜ್ ಫಿಲ್ಟರನ್ನು ಈಗಿನಿಂದಲೇ ನಿಮ್ಮ ಟ್ಯಾಂಕಿನ ಸಂಪ್‌ನಲ್ಲಿ ಹಾಕಿಡಿ. ನೆಲದೊಳಗಿನ ನೀರಿನ ಸಂಪ್ ಅಲ್ಲ, ಟ್ಯಾಂಕಿನ ಕೆಳಗೆ ಫಿಲ್ಟರ್ ಇರುವ ಡಬ್ಬಿ. ನಾಲ್ಕು ವಾರದಲ್ಲಿ ಸ್ಪಂಜಿನಲ್ಲಿ ಒಳ್ಳೆಯ ಬ್ಯಾಕ್ಟೀರಿಯಾ ಕೂರುತ್ತವೆ. ಆಮೇಲೆ ಆ ಸ್ಪಂಜನ್ನು ಸಣ್ಣ ಟ್ಯಾಂಕಿಗೆ ಹಾಕಿ, ಹೊಸ ಮೀನುಗಳನ್ನು ತಂದು ಅದರಲ್ಲಿ ಕನಿಷ್ಠ ನಾಲ್ಕು ವಾರ ಇಟ್ಟು ನೋಡಬೇಕು. ಮೈಮೇಲೆ ಉಪ್ಪಿನ ಕಾಳಿನಂಥ ಬಿಳಿ ಚುಕ್ಕೆ ಕಂಡರೆ ಚಿಕಿತ್ಸೆ ಇಲ್ಲೇ ಮುಗಿಯಬೇಕು. ಆ ರೋಗ ದೊಡ್ಡ ಟ್ಯಾಂಕಿಗೆ ಹೊಕ್ಕರೆ ಮೀನನ್ನೆಲ್ಲ ಹೊರಗೆ ತೆಗೆದು ಎರಡೂವರೆ ತಿಂಗಳು ಟ್ಯಾಂಕ್ ಖಾಲಿ ಬಿಡಬೇಕಾಗುತ್ತದೆ. ತಾಮ್ರದ ಔಷಧ ಹಾಕುವುದಾದರೆ ಕ್ಲೌನಿಗೆ ಮಾತ್ರ. ಈಲ್ ಮೈಮೇಲೆ ಹುರುಪೆ ಇಲ್ಲ, ಅದಕ್ಕೆ ತಾಮ್ರ ತಡೆಯುವುದಿಲ್ಲ, ಬೇರೆ ಟಬ್‌ನಲ್ಲಿ ಇಡಿ.

ನಾಲ್ಕು ವಾರ ಮುಗಿದ ಮೇಲೆ ಒಂದು ರಜೆಯ ದಿನ ಅದಲು ಬದಲು. ಮೊದಲು ಟ್ರಿಗರನ್ನು ಹಿಡಿಯಬೇಕು. ಬಲೆ ಹಾಕಬೇಡಿ. ಮುಳ್ಳು ಎತ್ತಿ ಬಲೆಗೆ ಸಿಕ್ಕಿಸಿಕೊಂಡರೆ ಬಿಡಿಸುವಷ್ಟರಲ್ಲಿ ಮೀನೂ ಸಾಕಾಗಿ ನೀವೂ ಸಾಕಾಗುತ್ತೀರಿ. ಅದು ಗುರ್ ಗುರ್ ಅಂತ ಸದ್ದು ಮಾಡುವುದು ಕೈಗೇ ತಾಗುತ್ತದೆ, ಕೇಳಿದರೆ ಹೊಟ್ಟೆ ಚುರುಕ್ ಅನ್ನುತ್ತದೆ. ಪಾರದರ್ಶಕವಾದ ದೊಡ್ಡ ಪ್ಲಾಸ್ಟಿಕ್ ಡಬ್ಬಿಯನ್ನು ನೀರಿನಲ್ಲಿ ಮುಳುಗಿಸಿ, ಒಳಗೆ ಸಿಗಡಿ ತುಂಡು ಇಡಿ. ನಿಮ್ಮದು ಕೈಯಿಂದ ತಿನ್ನುವ ಮೀನು, ತಾನಾಗಿಯೇ ಒಳಗೆ ಬರುತ್ತದೆ. ಅದನ್ನು ಗಾಳಿಗುಳ್ಳೆ ಬಿಡುವ ಏರ್ ಕಲ್ಲು ಹಾಕಿದ ಬಕೆಟ್ಟಿನಲ್ಲಿ ಸ್ವಲ್ಪ ಹೊತ್ತು ಮುಚ್ಚಿಡಿ. ಆಮೇಲೆ ಟ್ಯಾಂಕಿನ ಕಲ್ಲುಗಳನ್ನು ಪೂರ್ತಿ ಬದಲಿಸಿ ಜೋಡಿಸಿ. ಎಡಗಡೆಯ ಗುಡ್ಡ ಬಲಕ್ಕೆ ಬರಲಿ, ಹಳೆಯ ಪೊಟರೆ ಮುಚ್ಚಿ ಹೋಗಲಿ, ಒಂದರ ಬದಲು ಎರಡು ಗುಡ್ಡ ಆಗಲಿ, ನಡುವೆ ಖಾಲಿ ಮರಳು ಬಿಡಿ. ಒಂದು ಗುಡ್ಡದಿಂದ ಇನ್ನೊಂದು ಕಾಣದಂತೆ ಇದ್ದರೆ ಜಗಳ ಅರ್ಧ ಕಡಿಮೆ ಆಗುತ್ತದೆ. ಪ್ರತಿ ಗುಡ್ಡದಲ್ಲೂ ಎರಡು ಬಾಯಿ ಇರುವ ಪೊಟರೆ ಇರಲಿ, ಒಂದೇ ಬಾಯಿ ಇದ್ದರೆ ಅಡಗಿದ ಮೀನಿಗೆ ಅದೇ ಬೋನು.

ಹೊಸಬರನ್ನು ದೊಡ್ಡ ಟ್ಯಾಂಕಿಗೆ ಬಿಟ್ಟು, ಸಣ್ಣ ಟ್ಯಾಂಕಿನ ನೀರು ಚೆಲ್ಲಿ, ದೊಡ್ಡ ಟ್ಯಾಂಕಿನ ನೀರನ್ನೇ ತುಂಬಿ ಟ್ರಿಗರನ್ನು ಅಲ್ಲಿಗೆ ಕಳಿಸಿ. ಎರಡು ವಾರ ಅಲ್ಲೇ ಇರಲಿ. ದಿನ ಬಿಟ್ಟು ದಿನ ನೀರಿನ ಅಮೋನಿಯಾ, ಅಂದರೆ ಮೀನಿನ ಗಲೀಜಿನಿಂದ ಸೇರುವ ವಿಷ, ಪರೀಕ್ಷೆ ಮಾಡಿ ನೋಡಿ, ಸೊನ್ನೆ ಬಿಟ್ಟು ಬೇರೇನು ಬಂದರೂ ನೀರು ಬದಲಿಸಿ. ಈ ಎರಡು ವಾರದಲ್ಲಿ ಈಲ್ ತನ್ನ ಪೈಪ್ ಹಿಡಿಯುತ್ತದೆ, ಮರೂನ್ ಒಂದು ಮೂಲೆಯನ್ನು ತನ್ನದು ಮಾಡಿಕೊಂಡು ನಿಮ್ಮ ಕೈಗೂ ಬಂದು ಗುದ್ದುವಷ್ಟು ಧೈರ್ಯ ಮಾಡುತ್ತದೆ. ಹಾಗೆ ಗುದ್ದಿದರೆ ಟ್ಯಾಂಕ್ ತಯಾರು ಅಂತ ಅರ್ಥ.

ಟ್ರಿಗರನ್ನು ವಾಪಸ್ ತರುವ ದಿನ ಟ್ಯಾಂಕಿನ ಮೂರನೇ ಒಂದು ಭಾಗವನ್ನು ಜಾಳಿಗೆ ಹಾಕಿ ಬೇರೆ ಮಾಡಿ. ಸೀಲಿಂಗ್ ಲೈಟಿಗೆ ಹಾಕುವ ಚೌಕ ಚೌಕದ ಪ್ಲಾಸ್ಟಿಕ್ ಜಾಳಿಗೆ ಸಿಗುತ್ತದಲ್ಲ, ಅದೇ ಸಾಕು, ಕತ್ತರಿಸಿ ಬಿಗಿಯಾಗಿ ಕೂರಿಸಿ. ನಾಲ್ಕು ದಿನ ಟ್ರಿಗರ್ ಆ ಕಡೆ, ಉಳಿದವರು ಈ ಕಡೆ. ನೋಡಿಕೊಳ್ಳಲಿ, ಮುಟ್ಟಲು ಆಗಬಾರದು. ಐದನೇ ದಿನ ಸಂಜೆ ಎಲ್ಲರಿಗೂ ಹೊಟ್ಟೆ ತುಂಬ ಹಾಕಿ, ಲೈಟ್ ಆರಿಸಿ ಜಾಳಿಗೆ ತೆಗೆಯಿರಿ. ಮರುದಿನ ನೀವು ಮನೆಯಲ್ಲೇ ಇರಬೇಕು. ಅಟ್ಟಿಸುವುದು, ಮುಳ್ಳು ಎತ್ತಿ ಎದುರು ನಿಲ್ಲುವುದು, ಪಕ್ಕಕ್ಕೆ ವಾಲಿ ಮೈ ತೋರಿಸುವುದು ಇದ್ದದ್ದೇ, ಎರಡು ಮೂರು ದಿನದಲ್ಲಿ ಇಳಿಯುತ್ತದೆ. ಅಟ್ಟಿಸುವುದು ಜಾಸ್ತಿ ಅನ್ನಿಸಿದರೆ ಗಾಜಿನ ಹೊರಗೆ ಒಂದು ಕನ್ನಡಿ ಒರಗಿಸಿಡಿ, ದಿನಕ್ಕೆ ಅರ್ಧ ಗಂಟೆ. ಟ್ರಿಗರಿನ ಸಿಟ್ಟು ಆ ಕಡೆ ಹೋಗುತ್ತದೆ. ಮರೂನಿನ ರೆಕ್ಕೆಯ ಅಂಚು ಹರಿದಿದ್ದರೆ, ಊಟಕ್ಕೆ ಬರದೆ ಮೇಲಿನ ಮೂಲೆಯಲ್ಲಿ ಏದುಸಿರು ಬಿಡುತ್ತಾ ನಿಂತಿದ್ದರೆ ಕಾಯಬೇಡಿ, ಅದೇ ಗಳಿಗೆಯಲ್ಲಿ ಬೇರೆ ಮಾಡಿ.

ಇನ್ನು ನೀರು. ಸವಳು ನೀರಿನಲ್ಲಿ ಉಪ್ಪು ಇರುವುದು ನಿಜ, ಆದರೆ ಅದು ಸಮುದ್ರದ ಉಪ್ಪಲ್ಲ. ನೆಲದಿಂದ ಬಂದ ಗಡಸು, ಕೆಲವು ಕಡೆ ಫ್ಲೋರೈಡ್, ಕೆಲವು ಕಡೆ ಗೊಬ್ಬರದ ನೈಟ್ರೇಟ್, ಪ್ರತಿ ಬೋರಿನದು ಬೇರೆ ಬೇರೆ. ಅದಕ್ಕೆ ಸಮುದ್ರದ ಉಪ್ಪು ಬೆರೆಸಿದರೆ ತೂಕದ ಲೆಕ್ಕ ಸರಿ ಕಂಡರೂ ಒಳಗಿನ ಪ್ರಮಾಣ ಕೆಟ್ಟಿರುತ್ತದೆ. ಆರ್‌ಓ ನೀರೇ ಬೇಕು. ಒಂದು ಲೀಟರಿಗೆ ಸುಮಾರು 36 ಗ್ರಾಂ ಟ್ಯಾಂಕಿನ ಉಪ್ಪು, 20 ಲೀಟರ್ ಕ್ಯಾನಿಗೆ 720 ಗ್ರಾಂ, ಮೋಟರ್ ಹಾಕಿ ಒಂದು ದಿನ ತಿರುಗಿಸಿ, ಉಪ್ಪಿನ ಪ್ರಮಾಣ ಅಳೆಯುವ ರಿಫ್ರ್ಯಾಕ್ಟೋಮೀಟರ್‌ನಲ್ಲಿ 1.024 ನೋಡಿ ಬಳಸಿ. ಮಾಂಸ ತಿನ್ನುವ ಮೂರು ಮೀನು ಗಲೀಜು ಮಾಡುತ್ತವೆ, ಎರಡು ವಾರಕ್ಕೊಮ್ಮೆ ಇಂಥ ಮೂರು ಕ್ಯಾನ್ ಬದಲಿಸಿ. ಇದಕ್ಕೂ ಜಗಳಕ್ಕೂ ಏನು ಸಂಬಂಧ ಅನ್ನಬೇಡಿ. ಕೆಟ್ಟ ನೀರಿನಲ್ಲಿ ಆದ ಸಣ್ಣ ಗಾಯವೂ ಎರಡೇ ದಿನದಲ್ಲಿ ಕೊಳೆಯುತ್ತದೆ.

ಬೇಸಿಗೆಯ ಚಿಂತೆ ನಿಮಗೆ ನನಗಿಂತ ಜಾಸ್ತಿ. ಬೆಳಗಾವಿಯ ತಂಪು ನಿಮ್ಮಲ್ಲಿಲ್ಲ, ಏಪ್ರಿಲ್ ಮೇ ತಿಂಗಳಲ್ಲಿ ವಿಜಯಪುರ, ಬಾಗಲಕೋಟೆ 40 ಡಿಗ್ರಿ ದಾಟುತ್ತವೆ. ಟ್ಯಾಂಕಿನ ನೀರು 26ರ ಆಸುಪಾಸು ಇರಬೇಕು. ಬಿಸಿಯಾದಷ್ಟೂ ನೀರಿನಲ್ಲಿ ಆಮ್ಲಜನಕ ಕಡಿಮೆ, ಮೀನಿನ ಉಸಿರು ಜೋರು, ಸಿಟ್ಟೂ ಜೋರು. ನನ್ನ ಟ್ಯಾಂಕಿನ ದೊಡ್ಡ ಕಚ್ಚಾಟಗಳೆಲ್ಲ ಬೇಸಿಗೆಯಲ್ಲೇ ಆದವು. ಹಾಗಾಗಿ ಹೊಸ ಮೀನು ತರುವ ಕೆಲಸವನ್ನು ದೀಪಾವಳಿ ಆದ ಮೇಲೆ ಇಟ್ಟುಕೊಳ್ಳಿ. ನೀರು ತಣ್ಣಗಿಡುವ ಯಂತ್ರ ಚಿಲ್ಲರ್ ದುಬಾರಿ. ನೀರಿನ ಮೇಲೆ ಎರಡು ಫ್ಯಾನ್ ಬೀಸುವಂತೆ ಇಟ್ಟರೆ ಎರಡು ಮೂರು ಡಿಗ್ರಿ ಇಳಿಯುತ್ತದೆ, ಫ್ಯಾನಿನ ಜಾಗಕ್ಕೆ ಈಲ್ ದಾಟದಂತೆ ಜಾಳಿಗೆ ಹಾಕಿ. ಆವಿಯಾಗುವುದು ನೀರು ಮಾತ್ರ, ಉಪ್ಪು ಒಳಗೇ ಉಳಿಯುತ್ತದೆ, ಆದ್ದರಿಂದ ಕಡಿಮೆಯಾದಷ್ಟನ್ನು ದಿನವೂ ಬರೀ ಆರ್‌ಓ ನೀರಿನಿಂದ ತುಂಬಬೇಕು. ಕರೆಂಟ್ ಹೋದಾಗ ನಡೆಯುವ ಬ್ಯಾಟರಿ ಏರ್ ಪಂಪ್ ಒಂದು ಇರಲಿ.

ಊಟ ಸುಲಭ. ಮೀನು ಮಾರ್ಕೆಟ್ಟಿಗೆ ಗೋವಾ, ಕಾರವಾರದ ಕಡೆಯಿಂದ ಬರುವ ಸಿಗಡಿ, ಬೊಂಡಾಸ್ (ಸ್ಕ್ವಿಡ್), ಚಿಪ್ಪಿನ ಮೀನು ತಂದು ತೊಳೆದು ಒಂದು ವಾರ ಫ್ರೀಜರಿನಲ್ಲಿಟ್ಟು ಆಮೇಲೆ ಹಾಕಿ. ವಾರಕ್ಕೆ ಎರಡು ಸಲ ಚಿಪ್ಪಿನ ಸಮೇತ ಕೊಡಿ, ಟ್ರಿಗರಿನ ಹಲ್ಲು ಬೆಳೆಯುತ್ತಲೇ ಇರುತ್ತದೆ, ಸವೆಯಬೇಕು. ಚಿಪ್ಪು ಒಡೆಯುವ ಕೆಲಸ ಸಿಕ್ಕ ದಿನ ಅದು ಬೇರೆಯವರ ತಂಟೆಗೂ ಕಡಿಮೆ ಹೋಗುತ್ತದೆ. ಗೋಲ್ಡ್ ಫಿಶ್ ಹಾಕುವವರನ್ನು ನೋಡಿದ್ದೇನೆ, ದಯವಿಟ್ಟು ಮಾಡಬೇಡಿ. ಅದರಲ್ಲಿ ಬಿ1 ವಿಟಮಿನ್ ಹಾಳು ಮಾಡುವ ಅಂಶ ಇದೆ, ಜೊತೆಗೆ ಬೆನ್ನಟ್ಟಿ ಕೊಲ್ಲುವ ಚಟವೂ ಹತ್ತುತ್ತದೆ. ಕೈಯಿಂದ ತಿನ್ನಿಸುವುದನ್ನೂ ಈಗಲೇ ನಿಲ್ಲಿಸಿ, ಚಿಮಟ ಬಳಸಿ. 8 ಇಂಚಾದ ಮೇಲೆ ಮಗುವಿನ ಬೆರಳು ಕಚ್ಚಿದರೆ ರಕ್ತ ಬಂದೇ ಬರುತ್ತದೆ. ಹೀಟರಿನ ವೈರನ್ನೂ ಕಚ್ಚುವ ಮೀನು ಇದು, ಹೀಟರಿಗೆ ಗಾರ್ಡ್ ಹಾಕಿ, ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಆರ್‌ಸಿಸಿಬಿ ಸ್ವಿಚ್ಚನ್ನು ಲೈನಿಗೆ ಹಾಕಿಸಿ.

ಇಷ್ಟೆಲ್ಲ ಮಾಡಿದ ಮೇಲೂ ನಿಮ್ಮ ಟ್ರಿಗರ್ ಮರೂನನ್ನು ಒಪ್ಪದಿದ್ದರೆ ಎರಡನೇ ಸಲ ಪ್ರಯತ್ನಿಸಬೇಡಿ, ಈಲ್ ಒಂದನ್ನೇ ಉಳಿಸಿಕೊಳ್ಳಿ. ಕೆಲವು ಟ್ರಿಗರ್‌ಗಳು ಒಂಟಿಯಾಗಿಯೇ ಚೆನ್ನಾಗಿರುತ್ತವೆ. ಆ ಸಣ್ಣ ಟ್ಯಾಂಕನ್ನು ಮಾತ್ರ ಕೆಲಸ ಮುಗಿಯಿತು ಅಂತ ಎತ್ತಿಡಬೇಡಿ, ಸ್ಪಂಜ್ ಮತ್ತೆ ಸಂಪ್‌ನಲ್ಲಿ ಇರಲಿ, ಟಬ್ ಕೈಗೆ ಸಿಗುವ ಜಾಗದಲ್ಲಿರಲಿ. ಕಚ್ಚಾಟ ಎಷ್ಟೋ ಸಲ ನಮ್ಮ ಕಣ್ಣಿಗೆ ಬೀಳುವುದು ಅಂಗಡಿಗಳು ಮುಚ್ಚಿದ ಮೇಲೆ.